ಎಡವದೆ ಓದಿದ ಪುಟಗಳು

ಮುನ್ನುಡಿಯ ಕೊನೆಯ ಸಾಲಿಗೆ ಬಂದಾಗ ಕಸ್ತೂರಿಯ ಪೆನ್ನು ನಿಂತಿತು.

ಕಾಶಿನಾಥ ಮಾಸ್ತರರು ಮಂಚದ ಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಕಣ್ಣು ಮಬ್ಬಾಗಿ ಐದು ವರ್ಷವಾಗಿತ್ತು. ತೆರೆದರೂ ಮುಚ್ಚಿದರೂ ಅವರಿಗೆ ಹೆಚ್ಚಿನ ಫರಕು ಇರಲಿಲ್ಲ. ಹೇಳಿ ಬರೆಸುವಾಗ ಮಾತ್ರ ಅವರ ಮಾತು ಪುಸ್ತಕದ ಮಾತಾಗುತ್ತಿತ್ತು. "ಈ ಪುಸ್ತಕದ ಪ್ರತಿಯೊಂದು ವಾಕ್ಯವನ್ನೂ ಕಸ್ತೂರಿ ನನಗೆ ಓದಿ ಹೇಳಿದ್ದಾಳೆ. ಅವಳ ನಾಲಗೆ ಎಡವಿದ ಒಂದು ಮಾತೂ ಇದರಲ್ಲಿ ಉಳಿದಿಲ್ಲ."

ಪೆನ್ನಿನ ಸಪ್ಪಳ ಕೇಳದೆ ಅವರು ಮುಖ ತಿರುಗಿಸಿದರು.

"ಯಾಕವಾ, ಪೆನ್ನ ಖಾಲಿ ಆತೇನು?"

"ಇಲ್ರಿ," ಎಂದು ಹೇಳಿ ಕಸ್ತೂರಿ ಆ ಸಾಲು ಬರೆದಳು. ತನ್ನ ಹೆಸರನ್ನು ತಾನೇ ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂದಿತು. ಸುಳ್ಳು ಬರೆದರೂ ಅಕ್ಷರಕ್ಕೆ ಏನೂ ಆಗುವುದಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಮಾಸ್ತರರು ಹಗುರಾಗಿ ಉಸಿರು ಬಿಟ್ಟು, ಪುಸ್ತಕ ಮುಗಿಯಿತು, ಮಂಗಳವಾರ ಹುಕ್ಕೇರಿಗೆ ಹೋಗಿ ಅಚ್ಚು ಹಾಕಿಸುವ ಗುರುರಾಜನ ಕೈಗೆ ಕೊಟ್ಟು ಬಾ ಎಂದರು. ಆಮೇಲೆ, ತಾವು ಇಷ್ಟು ದಿನ ಬದುಕಿದ್ದು ಇದಕ್ಕೇ ಇರಬೇಕು ಎಂಬ ಮಾತನ್ನೂ ಸೇರಿಸಿದರು. ಅದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕಸ್ತೂರಿ ಹಾಳೆಗಳನ್ನು ಜೋಡಿಸುತ್ತ ಕೂತಳು. ನೂರಾ ಎಂಬತ್ಮೂರು ಹಾಳೆಗಳು. ಅದರಲ್ಲಿ ಮೊದಲಿನ ನಲವತ್ತಾರು ಮಾತ್ರ ಖರೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಾಸ್ತರರು ಬರೆದದ್ದು ಒಂದು ನಮೂನೆಯದಲ್ಲ. ಮೂವತ್ತನಾಲ್ಕು ವರ್ಷ ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳ ಕನ್ನಡ ಸಾಲಿಗಳಲ್ಲಿ ಕಲಿಸಿದ ಮನುಷ್ಯ, ರಜೆಯಲ್ಲಿ ಆರು ಕಾದಂಬರಿ ಬರೆದರು. ಸಣ್ಣಾಟದ ಮೇಳಗಳು ಬಂದು ಕೇಳಿದಾಗ ಹಾಡು ಕಟ್ಟಿ ಕೊಟ್ಟರು. ಮಕ್ಕಳಿಗೆ ಎಣಿಕೆಯ ಪದ್ಯ ಮಾಡಿದರು. ಹಸಿವಿನ ಬಗ್ಗೆ ಒಂದು, ಸಾವಿನ ಬಗ್ಗೆ ಒಂದು ತತ್ವಜ್ಞಾನದ ಪುಸ್ತಕ ಬರೆದರು. ಅವುಗಳ ಮೇಲೆ ಧಾರವಾಡದಲ್ಲಿ ಎರಡು ದಿನ ಪಂಡಿತರು ಕೂತು ಮಾತನಾಡಿದ್ದರು. ಹುಕ್ಕೇರಿಯವರಿಗೆ ಅವರು ಕಾದಂಬರಿಕಾರರು, ಮೂಡಲಗಿಯವರಿಗೆ ಹಾಡಿನ ಮಾಸ್ತರರು, ಧಾರವಾಡದವರಿಗೆ ತತ್ವಜ್ಞಾನಿ. ಈ ಮೂವರೂ ಗೋಕಾಕದ ಒಂದೇ ಮನೆಯ ಒಂದೇ ಮಂಚದ ಮೇಲೆ ಮಲಗುತ್ತಾರೆ ಎಂದರೆ ನಂಬದವರೂ ಇದ್ದರು.

ಅವರ ಪುಸ್ತಕಗಳ ಪಟ್ಟಿಯಲ್ಲಿ ಯಾರೂ ಸೇರಿಸದ ಇನ್ನೊಂದು ಇತ್ತು. ಕುರಿಗಳ ಕಾಲುಬ್ಯಾನಿಯ ಮೇಲೆ ಬರೆದ ಹದಿನಾಲ್ಕು ಪುಟದ ಕಿರುಹೊತ್ತಿಗೆ. ಮೂಡಲಗಿಯ ಆಚೆ ಕಸ್ತೂರಿಯ ಊರಿನಲ್ಲಿ ಅವರು ಮಾಸ್ತರರಾಗಿದ್ದಾಗ ಒಂದು ಮಳೆಗಾಲ ಕುರಿಗಳ ಗೊರಸು ಕೊಳೆಯತೊಡಗಿತ್ತು. ದನದ ಡಾಕ್ಟರು ಹೇಳಿದ್ದನ್ನೆಲ್ಲ ಮಾಸ್ತರರು ಚೆಂದದ ಕನ್ನಡದಲ್ಲಿ ಬರೆದು, ಬೇವಿನ ಗಿಡದ ಕೆಳಗೆ ಕುರಿಗಾರರನ್ನು ಕೂಡಿಸಿ ಓದಿದರು. ಬರೆದದ್ದು ಮೂವತ್ತೆರಡು ಪುಟ. ಕುರಿಗಾರರು ಸಾಲಿಗೊಮ್ಮೆ "ಹಂಗಂದ್ರ?" ಎಂದು ತಡೆದರು. ತಡೆದಲ್ಲೆಲ್ಲ ಮಾಸ್ತರರು ಗೀಟು ಹಾಕಿದರು. ತಿದ್ದಿ ತಿದ್ದಿ ಹದಿನಾಲ್ಕಾಯಿತು. ಹೆಚ್ಚು ತಡೆದವನು ಬೀರಸಿದ್ದಪ್ಪ, ಕಸ್ತೂರಿಯ ಅಪ್ಪ. ಆಗಿನ್ನೂ ಅವನಿಗೆ ಮದುವೆಯಾಗಿರಲಿಲ್ಲ. ಆ ಪುಸ್ತಕವನ್ನು ಅವನು ಕಂಬಳಿಯ ಮಡಿಕೆಯಲ್ಲಿಟ್ಟುಕೊಂಡು ಎಷ್ಟೋ ವರ್ಷ ತಿರುಗಿದ. ಓದಲು ಬರುತ್ತಿರಲಿಲ್ಲ, ಆದರೆ ಪೂರ್ತಿ ಬಾಯಿಗೆ ಬರುತ್ತಿತ್ತು.

ಅಂದಿನಿಂದ ಮಾಸ್ತರರಿಗೆ ಅದೇ ರೂಢಿಯಾಯಿತು. ಏನು ಬರೆದರೂ, ಕಾದಂಬರಿಯಾಗಲಿ ತತ್ವವಾಗಲಿ, ಕಡಿಮೆ ಕಲಿತ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ತಿಳಿಯದ ಕಡೆ ನಾಲಗೆ ತಾನಾಗಿಯೇ ತೊಡರುತ್ತದೆ ಎಂದು ಅವರ ನಂಬಿಕೆ. ತೊಡರಿದಲ್ಲಿ ಬರೆದವನ ತಪ್ಪು ಇರುತ್ತದೆ, ಓದಿದವನದಲ್ಲ.

ಕಣ್ಣು ಹೋದ ಮೇಲೆ ಮೊದಲು ಒಬ್ಬ ಕಾಲೇಜಿನ ಹುಡುಗ ಬರೆದುಕೊಳ್ಳಲು ಬಂದಿದ್ದ. ಎಂಥದನ್ನು ಕೊಟ್ಟರೂ ನೀರು ಕುಡಿದಂತೆ ಓದುತ್ತಿದ್ದ. ವಾರದಲ್ಲಿ ಮಾಸ್ತರರು ಅವನಿಗೆ ಕೈಮುಗಿದು ಕಳಿಸಿದರು. ಇವನಿಗೆ ಎಲ್ಲಾ ತಿಳಿಯುತ್ತದೆ, ಇವನಿಂದ ನನಗೇನು ಉಪಯೋಗ ಎಂದು ಮಗಳ ಹತ್ತಿರ ಅಂದರಂತೆ. ಆಗ ಬೀರಸಿದ್ದಪ್ಪ ಕಸ್ತೂರಿಯನ್ನು ಕರೆದುಕೊಂಡು ಬಂದ. ಎಂಟನೇತ್ತ ಮುಗಿಸಿ ಸಾಲಿ ಬಿಟ್ಟವಳು, ಗೋಕಾಕದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಅಕ್ಷರ ದುಂಡಗೆ, ಮಾತು ಕಡಿಮೆ. ಮೊದಲ ದಿನ ಒಂದು ಪುಟದಲ್ಲಿ ಒಂಬತ್ತು ಕಡೆ ಎಡವಿ ಅಳು ಬಂದಂತಾಗಿ ನಿಂತಳು. ಮಾಸ್ತರರ ಮುಖ ಮಾತ್ರ ಹಬ್ಬದ ದಿನದ ಮುಖವಾಗಿತ್ತು.

ನಾಲ್ಕು ವರ್ಷ ಹಾಗೇ ನಡೆಯಿತು. ಅವಳು ಎಡವುತ್ತಿದ್ದಳು, ಅವರು ಬೆರಳು ಎತ್ತುತ್ತಿದ್ದರು, ಅವಳು ಅಲ್ಲಿ ಪೆನ್ಸಿಲಿನ ಗೀಟು ಹಾಕುತ್ತಿದ್ದಳು, ಅವರು ಬೇರೆ ರೀತಿ ಹೇಳುತ್ತಿದ್ದರು. ಬಡಬಡಿಸಿ ಮಾತಾಡಬೇಕಾಗಿಲ್ಲದ, ಯಾರ ಮುಖವನ್ನೂ ನೋಡಬೇಕಾಗಿಲ್ಲದ ಆ ಕೆಲಸ ಅವಳಿಗೆ ಒಗ್ಗಿತ್ತು. ತಪ್ಪು ಮಾಡುವುದೇ ಕೆಲಸವಾದಲ್ಲಿ ಯಾರೂ ಬೈಯುವುದಿಲ್ಲ.

ಈ ಕೊನೆಯ ಪುಸ್ತಕ ಹುಟ್ಟಿದ್ದು ಕೂಡ ಬೀರಸಿದ್ದಪ್ಪನಿಂದಲೇ. ಅವನ ಎರಡೂ ಮೊಣಕಾಲು ಹೋದ ಮೇಲೆ ಕುರಿಯನ್ನು ತಮ್ಮನಿಗೆ ಒಪ್ಪಿಸಿ ಮನೆ ಹಿಡಿದಿದ್ದ. ಒಮ್ಮೆ ಮಗಳನ್ನು ನೋಡಲು ಬಂದವನು ಮಾಸ್ತರರ ಮುಂದೆ ಕೂತು, ಸುಮ್ಮನೆ ಮಾತಿಗೆ ಮಾತು ಬಂದು, "ಮಾಸ್ತರ್ರ, ಕೂತ ಉಣ್ಣೂ ರೊಟ್ಟಿ ಗಂಟಲಾಗ ಇಳಿಯೂದಿಲ್ರಿ," ಅಂದ. ಆ ದಿನ ಮಾಸ್ತರರು ಊಟ ಮಾಡಲಿಲ್ಲ. ಶರಣರ ಕಾಲದಿಂದ ನಮ್ಮ ಮನೆತನಗಳಲ್ಲಿ ದುಡಿತವೇ ಪೂಜೆ, ದುಡಿಯುವವನೇ ಭಕ್ತ. ಹಾಗಾದರೆ ದುಡಿಯಲಾರದ ಮುದುಕ, ಮೈ ಬಿದ್ದವನು, ಕಣ್ಣು ಹೋದವನು, ಅವರ ಪೂಜೆ ಯಾವುದು? ಇದನ್ನು ಯಾರೂ ಸರಿಯಾಗಿ ಹೇಳಿಲ್ಲ ಎಂದು ಅವರು ಬರೆಸತೊಡಗಿದರು. 'ದಣಿದವರ ಕಾಯಕ' ಎಂದು ಹೆಸರಿಟ್ಟರು. ಕುರುಡಾದ ಎಂಬತ್ಮೂರರ ಮುದುಕನಿಗೂ ಆ ಉತ್ತರ ಬೇಕಾಗಿತ್ತು ಎಂಬುದನ್ನು ಕಸ್ತೂರಿ ನೋಡುತ್ತಿದ್ದಳು, ಹೇಳುತ್ತಿರಲಿಲ್ಲ.

ನಲವತ್ತಾರು ಪುಟಕ್ಕೆ ಎರಡು ವರ್ಷ ಹಿಡಿಯಿತು. ನಲವತ್ತೇಳನೆಯ ಪುಟದಲ್ಲಿ, ಅಂದರೆ ಉತ್ತರ ಶುರುವಾಗಬೇಕಾದಲ್ಲಿ, ಗಾಡಿ ಹೂತಿತು. ಶ್ರಾವಣದ ಒಂದು ದಿನ ಒಂದೇ ವಾಕ್ಯವನ್ನು ಮಾಸ್ತರರು ಹನ್ನೊಂದು ಸಲ ಬೇರೆ ಬೇರೆ ಮಾಡಿ ಹೇಳಿದರು. ಹನ್ನೊಂದು ಸಲವೂ ಕಸ್ತೂರಿ ಎಡವಿದಳು. ಹನ್ನೆರಡನೆಯದಕ್ಕೆ ಬಾಯಿ ತೆರೆದವರು ಹಾಗೇ ಮಂಚದ ಅಂಚಿಗೆ ತಲೆ ಹಚ್ಚಿ ಕೂತುಬಿಟ್ಟರು.

ಆ ಸಂಜೆ ಅವರ ಮಗಳು ಶೈಲಾ ಬಾಗಿಲ ತನಕ ಬಂದಳು. ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಗಂಡ ತೀರಿಕೊಂಡ ಮೇಲೆ ಅಪ್ಪನನ್ನು ನೋಡಿಕೊಂಡು ಇದೇ ಮನೆಯಲ್ಲಿದ್ದಾಳೆ. ಸಾಲಿಯಿಂದ ಬಂದ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ. ಕಸ್ತೂರಿ ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಅಂದಳು: "ಎಲ್ಲಾ ಕಡೆ ಎಡವಬ್ಯಾಡವಾ. ಅಪ್ಪಾರಿಗೆ ತ್ರಾಣ ಇಲ್ಲ. ಸ್ವಲ್ಪ ಚಂದಾಗಿ ಓದು."

ಕಸ್ತೂರಿ ಚಂದಾಗಿ ಓದಿದಳು. ಅದು ಅಷ್ಟು ಸುಲಭ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬರೆದುಕೊಳ್ಳುವಾಗಲೇ ಕಠಿಣ ಶಬ್ದಗಳನ್ನು ಬಾಯೊಳಗೆ ತಿರುವಿ ಮೆತ್ತಗೆ ಮಾಡಿಕೊಳ್ಳಬೇಕು. ಓದುವಾಗ ಬಾಯಿ ಒಂದು ಶಬ್ದದ ಮೇಲಿದ್ದರೆ ಕಣ್ಣು ಮೂರು ಶಬ್ದ ಮುಂದೆ ಇರಬೇಕು. ಅರ್ಥವನ್ನು ಹುಡುಕಲು ಹೋಗಬಾರದು. ಹುಡುಕಲು ಹೋದರೆ ಎಡವುತ್ತದೆ. ಕಂಡಕ್ಟರು ಊರುಗಳ ಹೆಸರು ಕೂಗುವಂತೆ ಓದಬೇಕು. "ಕ್ರಿಯೆಯ ಅಭಾವವೂ ಕ್ರಿಯೆಯ ಒಂದು ಅವಸ್ಥೆಯೇ ಆಗಿರುವುದರಿಂದ ನಿಷ್ಕ್ರಿಯನು ಕ್ರಿಯಾವಲಯದ ಹೊರಗಿನವನಲ್ಲ." ಅವಳು ಇದನ್ನು ಒಂದೇ ಉಸಿರಿನಲ್ಲಿ ಓದಿದಳು. ಮಾಸ್ತರರು ಎತ್ತಲು ಇಟ್ಟಿದ್ದ ಬೆರಳನ್ನು ಕೆಳಗಿಳಿಸಿ, "ತಿಳೀತವಾ?" ಎಂದು ಕೇಳಿದರು. ಆ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಅವಳು ಹೂಂ ಅಂದಳು.

ಅಂದು ಅವರು ಎರಡು ರೊಟ್ಟಿ ಉಂಡರು. ಮರುದಿನ ಒಂದೂವರೆ ಪುಟ ಹೇಳಿದರು. ದೀಪಾವಳಿಗೆ ನೂರು ದಾಟಿತು. ಸಂಕ್ರಾಂತಿಗೆ ಮುಗಿಯಿತು. ಈ ವಯಸ್ಸಿಗೆ ಮಾತು ಹಣ್ಣಾಗಿ ತಾನೇ ಉದುರುತ್ತಿದೆ ಎಂದು ಬಂದವರೆಲ್ಲರ ಹತ್ತಿರ ಹೇಳಿಕೊಂಡರು. ಶೈಲಾ ಚಹಾ ಕೊಡುವಾಗ ಕಸ್ತೂರಿಯ ಭುಜ ಮುಟ್ಟಿ ಹೋಗುತ್ತಿದ್ದಳು. ಕಸ್ತೂರಿ ಮಾತ್ರ ಮನೆಗೆ ಹೋಗುವ ಹೊತ್ತಿಗೆ ಕಲ್ಲು ಹೊತ್ತವಳಂತೆ ದಣಿಯುತ್ತಿದ್ದಳು. ಎಡವುವಾಗ ಇಷ್ಟು ದಣಿವು ಇರಲಿಲ್ಲ.

ಮುನ್ನುಡಿ ಬರೆಸಿದ್ದು ಶನಿವಾರ. ಭಾನುವಾರ ಕಸ್ತೂರಿ ಹಾಳೆಗಳ ಗಂಟನ್ನು ತೆಗೆದುಕೊಂಡೇ ಊರಿಗೆ ಹೋದಳು. ಪುಸ್ತಕ ಮುಗಿದ ಕೂಡಲೇ ತನಗೆ ಓದಿ ತೋರಿಸಬೇಕೆಂದು ಅಪ್ಪ ಎರಡು ವರ್ಷದಿಂದ ಹೇಳುತ್ತಿದ್ದ. ಮಾಸ್ತರರೂ ಅದಕ್ಕೆ ಒಪ್ಪಿದ್ದರು. ಮೂಡಲಗಿಯಲ್ಲಿ ಬಸ್ಸು ಇಳಿದು ಟಂಟಂ ಹಿಡಿದು ಮನೆ ಮುಟ್ಟಿದಾಗ ಬೀರಸಿದ್ದಪ್ಪ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಕುರಿ ಎಲ್ಲಿವೆ ಎಂದು ಕೇಳಿದ್ದಕ್ಕೆ, ದಡ್ಡಿ ಎಂಬ ಊರಿನ ಕಡೆ ಹೊಳೆದಂಡೆಯ ಹೊಲಗಳಲ್ಲಿ ತನ್ನ ತಮ್ಮ ಬೀಡು ಬಿಟ್ಟಿದ್ದಾನೆ, ಫೋನು ಮಾಡಿದರೆ ಎತ್ತುವುದಿಲ್ಲ ಎಂದ.

ಮಗಳು ಓದುತ್ತಾಳೆಂದು ಅವನು ರುಮಾಲು ಸುತ್ತಿಕೊಂಡು ಬಂದ. ಅವಳು ಮೊದಲಿನಿಂದ ಶುರು ಮಾಡಿದಳು. ಮೊದಲ ಪುಟಗಳಲ್ಲಿ ಅವನು ತಲೆಯಾಡಿಸಿದ, ಎರಡು ಕಡೆ ನಕ್ಕ, ಒಂದು ಕಡೆ "ತಡಿ, ಅದನ್ನ ಮತ್ತೊಮ್ಮೆ ಓದು," ಎಂದು ಓದಿಸಿಕೊಂಡ. 'ದುಡಿದು ದಣಿದವನಿಗೆ ನಿದ್ದೆ ಬರುತ್ತದೆ, ಕೂತು ದಣಿದವನಿಗೆ ನಿದ್ದೆಯೂ ಬರುವುದಿಲ್ಲ' ಎಂಬಲ್ಲಿ ಇದನ್ನು ಮಾಸ್ತರರಿಗೆ ಹೇಳಿದವರು ಯಾರು ಎಂದು ಸಂಶಯಪಟ್ಟು ಅವಳ ಮುಖ ನೋಡಿದ. ಊಟವಾದ ಮೇಲೆ ನಲವತ್ತೇಳನೆಯ ಪುಟ ಬಂತು.

ಅಲ್ಲಿಂದ ಅವನು ಒಂದು ಸಲವೂ ತಡೆಯಲಿಲ್ಲ.

ಕಸ್ತೂರಿ ಓದುತ್ತಲೇ ಅಪ್ಪನ ಮುಖವನ್ನು ನೋಡುತ್ತಿದ್ದಳು. ಕುರಿ ಪುಸ್ತಕಕ್ಕೆ ಸಾಲಿಗೊಮ್ಮೆ ತಡೆದ ಮನುಷ್ಯ, ಯಾವುದೋ ಮಠದ ಆಶೀರ್ವಚನ ಕೇಳುವವನಂತೆ ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ಎಲ್ಲೋ ಇಟ್ಟು ಕೂತಿದ್ದ. ಒಮ್ಮೆ ಆಕಳಿಕೆ ಬಂದದ್ದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅವಳು ಅಲ್ಲಲ್ಲಿ ಪುಟ ಹಾರಿಸಿದಳು. ಅವನಿಗೆ ತಿಳಿಯಲಿಲ್ಲ. ಕೊನೆಗೆ ಹಾಳೆ ಕೆಳಗಿಟ್ಟಾಗ ಅವನು ಎರಡೂ ಕೈ ಜೋಡಿಸಿ ಗಂಟಿಗೆ ಮುಗಿದ.

"ಚೊಲೋ ಬರದಾರವಾ," ಅಂದ. "ದೊಡ್ಡವರ ಮಾತು. ನಮಗೆಲ್ಲಿ ತಿಳೀಬೇಕು."

ಆಮೇಲೆ ಮೊಣಕಾಲು ಒತ್ತಿಕೊಳ್ಳುತ್ತ, ಅವಳ ಕಡೆ ನೋಡದೆ ಕೇಳಿದ: "ಅದರಾಗ ನನ್ನಂತಾವಗ ಏನರ ಹೇಳ್ಯಾರನು?"

ಹೇಳಿದ್ದಾರೆ ಎಂದಳು. ಏನು ಎಂದು ಅವನು ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಬಂದಾಗ ಮಾಸ್ತರರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೂತಿದ್ದರು. ಹುಕ್ಕೇರಿಯಲ್ಲಿ ಗುರುರಾಜನಿಗೆ ಏನೇನು ಹೇಳಬೇಕೆಂದು ಒಂದೊಂದಾಗಿ ಹೇಳತೊಡಗಿದರು. ಗುರುರಾಜ ಅವರ ಹಳೆಯ ವಿದ್ಯಾರ್ಥಿ, ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಪುಸ್ತಕದ ಬಿಡುಗಡೆ ಮಾಡಲು ಅಭಿಮಾನಿ ಬಳಗ ಕಟ್ಟಿದವನೂ ಅವನೇ. ಶೈಲಾ ಸಾಲಿಗೆ ಹೊರಡುವ ಅವಸರದಲ್ಲಿ ಗಂಟು ಕಟ್ಟಲು ಹಳೆಯ ಟಾವೆಲ್ಲು ಹುಡುಕುತ್ತಿದ್ದಳು. ಕಸ್ತೂರಿ ಎಂದಿನ ಜಾಗದಲ್ಲಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಬಾಯಲ್ಲಿ ತಿರುವಿದ್ದಳು. ಆದರೂ ಅದು ಎಡವುತ್ತಲೇ ಬಂತು.

"ಮಾಸ್ತರ್ರ, ನಾ... ನಾ ಸುಳ್ಳ ಓದೇನ್ರಿ."

ಅವರಿಗೆ ಅರ್ಥವಾಗಲಿಲ್ಲ. ಸುಳ್ಳು ಓದುವುದು ಎಂದರೇನು ಎಂದು ನಗುತ್ತಲೇ ಕೇಳಿದರು.

"ತಿಳೀದಿದ್ರೂ ಎಡವಲಿಲ್ರಿ. ಬೇಕಂತನ ಎಡವಲಿಲ್ರಿ."

"ಎಲ್ಲಿಂದ?"

"ನಲವತ್ತಾರನೇ ಪುಟದ ಮುಂದ... ಎಲ್ಲಾ ರಿ."

ಹುಡುಕುತ್ತಿದ್ದ ಶೈಲಾಳ ಕೈ ನಿಂತಿತು. ಮಾಸ್ತರರು ಬೆರಳು ಮಡಚಿ ತಿಂಗಳು ಎಣಿಸಿದರು. ಶ್ರಾವಣದಿಂದ ಪುಷ್ಯದ ತನಕ. ಎಣಿಸಿ ಕೈಯನ್ನು ಹಾಸಿಗೆಯ ಮೇಲೆ ಬಿಟ್ಟರು.

"ಐದ ತಿಂಗಳು ನಾ ಒಬ್ಬಾವನ ಮಾತಾಡೇನಿ ಅನ್ನು."

ಆಗ ಶೈಲಾ ಮುಂದೆ ಬಂದು, ಹಾಗೆ ಓದು ಎಂದು ಅವಳಿಗೆ ಹೇಳಿದವಳು ತಾನೇ ಎಂದು ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗಲೇ ಅವಳಿಗೆ ಸಿಟ್ಟು ಬಂತು. "ಒಂದ ಮಾತ ಹನ್ನೊಂದ ಸಲ ಹೇಳಿ ನೀವು ಮಂಚದ ಮ್ಯಾಲ ಬೀಳೂದನ್ನ ನೋಡಾಕಿ ನಾ, ಅಪ್ಪಾ. ಆಕಿ ಸಂಜೀಕ ಮನಿಗೆ ಹೋಗತಾಳ. ನನಗ ನಿಮ್ಮ ಪುಸ್ತಕಾ ಬ್ಯಾಡಾಗಿತ್ತು, ನೀವು ಎರಡ ರೊಟ್ಟಿ ಉಂಡ್ರ ಸಾಕಾಗಿತ್ತು." ಅಷ್ಟು ಹೇಳಿ ಪರ್ಸು ಹಿಡಿದುಕೊಂಡು ಸಾಲಿಗೆ ಹೋಗಿಬಿಟ್ಟಳು.

ಮಾಸ್ತರರು ನೀರು ಕೇಳಿ ಕುಡಿದು, ಬೀರಸಿದ್ದಪ್ಪ ಏನಂದ ಎಂದು ಕೇಳಿದರು. ಕಸ್ತೂರಿ ಇದ್ದದ್ದು ಇದ್ದಂತೆ ಹೇಳಿದಳು: ಒಮ್ಮೆಯೂ ತಡೆಯಲಿಲ್ಲ, ಕೊನೆಗೆ ಕೈ ಮುಗಿದ.

"ಕೈ ಮುಗದನಾ?"

"ಹೂಂ ರಿ."

ಮಾಸ್ತರರು ಗೋಡೆಯ ಕಡೆ ತಿರುಗಿದರು. "ಬೀರಸಿದ್ದ ಕೈ ಮುಗದಾ ಅಂದ್ರ ಮುಗೀತವಾ. ಆ ಪುಸ್ತಕಾ ಸತ್ತತಿ."

ಅವಳನ್ನು ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಬಹುದಾಗಿತ್ತು. ಕೂತಲ್ಲೇ ಕೂತಳು. ಮಧ್ಯಾಹ್ನದ ಮೇಲೆ, ನಲವತ್ತೇಳನೆಯ ಪುಟ ತೆಗೆದು ಖರೆ ಖರೆ ಓದು ಎಂದರು. ಓದಿದಳು. ಮೊದಲ ಸಾಲಿನಲ್ಲೇ ಎಡವಿದಳು. ಅವರು ಬೆರಳು ಎತ್ತಿ ಬೇರೆ ರೀತಿ ಹೇಳಿದರು. ಮತ್ತೆ ಎಡವಿದಳು. ಮೂರನೆಯ ಸಲ ಹೇಳುವಾಗ ವಾಕ್ಯದ ನಡುವೆಯೇ ಅವರಿಗೆ ಜೋಂಪು ಹತ್ತಿತು. ಮಂಗಳವಾರವೂ ಅದೇ ಆಯಿತು. ಹುಕ್ಕೇರಿಯಿಂದ ಎರಡು ಸಲ ಫೋನು ಬಂತು, ಶೈಲಾ ಎತ್ತಿ ಏನೋ ಒಂದು ಹೇಳಿದಳು. ಅಪ್ಪನೊಂದಿಗೂ ಕಸ್ತೂರಿಯೊಂದಿಗೂ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ಆದರೆ ಚಹಾ ಮೂವರಿಗೂ ಮಾಡುತ್ತಿದ್ದಳು.

ಬುಧವಾರ ಮಾಸ್ತರರು ತೊಂಬತ್ತರ ಆಸುಪಾಸಿನ ಒಂದು ಪುಟ ತೆಗೆಸಿದರು. ಅದು ತಮಗೆ ಬಹಳ ಸೇರಿದ ಭಾಗ ಎಂದು ಮೊದಲೇ ಹೇಳಿದರು. ಕಸ್ತೂರಿ ನಾಲ್ಕು ಸಾಲು ಓದಿ ಮೂರು ಕಡೆ ನಿಂತಳು. ನಿನಗೇನು ತಿಳಿಯಿತು ಎಂದು ಕೇಳಿದರು. ಏನೂ ಇಲ್ಲ ಅಂದಳು. ಹಾಗಾದರೆ ಕೇಳು ಎಂದು ಅವರು ಕೈ ಮುಂದೆ ಮಾಡಿ ಹೇಳಲು ಶುರು ಮಾಡಿದರು. ಎರಡು ಮಾತು ಹೇಳಿದರು. ಕೈ ಗಾಳಿಯಲ್ಲೇ ನಿಂತಿತು. ಮತ್ತೊಮ್ಮೆ ಓದು ಎಂದರು. ಓದಿದಳು. ಅವರು ಹುಬ್ಬು ಗಂಟಿಕ್ಕಿ ಕೇಳಿ, ಕೊನೆಗೆ ಅಂದರು:

"ನನಗೂ ತಿಳೀವಲ್ದಲ್ಲವಾ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಮಾಸ್ತರರು ನಗುತ್ತ ನಗುತ್ತ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ತಂದುಕೊಂಡರು. ಒಳಗಿನಿಂದ ಶೈಲಾ ಗಾಬರಿಯಾಗಿ ಓಡಿ ಬಂದು, ಇಬ್ಬರೂ ನಗುವುದನ್ನು ನೋಡಿ, ಅಪ್ಪನ ಬೆನ್ನು ತಿಕ್ಕುತ್ತ ನಿಂತಳು.

ಕೆಮ್ಮು ಇಳಿದ ಮೇಲೆ ಅವರು ತೀರ್ಮಾನ ಹೇಳಿದರು. ನಲವತ್ತಾರು ಪುಟ ಅಚ್ಚಿಗೆ ಹೋಗಲಿ. ಉಳಿದದ್ದು ಬೇಡ. ಮುನ್ನುಡಿಯಲ್ಲಿ ಆ ಸಾಲನ್ನು ಹೊಡೆದುಹಾಕಲೇ ಎಂದು ಕಸ್ತೂರಿ ತಲೆ ತಗ್ಗಿಸಿ ಕೇಳಿದಳು.

"ಮುನ್ನುಡಿ ಯಾಕ ತಿದ್ದತೀ? ಪುಸ್ತಕಾ ತಿದ್ದೇವಲ್ಲ. ಈಗ ಅದು ಖರೆ ಆತು."

ಗುರುವಾರ ಕಸ್ತೂರಿ ಘಟಪ್ರಭಾ ಊರಿನ ಮೇಲೆ ಹಾಯ್ದು ಹೋಗುವ ಬಸ್ಸಿಗೆ ಹುಕ್ಕೇರಿಗೆ ಹೋದಳು. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಸಾಗಿತು. ನಲವತ್ತಾರು ಹಾಳೆ ಮತ್ತು ಮುನ್ನುಡಿಗೆ ಟಾವೆಲ್ಲು ಬೇಕಾಗಿರಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದವು. ಗುರುರಾಜನ ಮುಂದೆ ಅವಳು ಇದುವರೆಗೆ ಬಾಯಿ ಬಿಟ್ಟವಳಲ್ಲ. ಅವನು ಗೋಕಾಕಕ್ಕೆ ಬಂದಾಗೆಲ್ಲ ನೀರಿನ ತಂಬಿಗೆ ಇಟ್ಟು ಒಳಗೆ ಹೋಗುತ್ತಿದ್ದಳು.

ಅಂಗಡಿಯಲ್ಲಿ ಎರಡು ಮೂರು ಗಿರಾಕಿಗಳಿದ್ದರು. ಹಿಂದಿನ ಕೋಣೆಯಲ್ಲಿ ಟೈಪು ಮಾಡುವ ಸುಜಾತಾ ಎಂಬ ಹೆಂಗಸು ಹಾಳೆಗಳಿಗಾಗಿ ಮಂಗಳವಾರದಿಂದ ಕಾಯುತ್ತಿದ್ದಳು. ಗುರುರಾಜ ಚೀಲವನ್ನು ಕೈಯಲ್ಲಿ ತೂಗಿ ನೋಡಿ, ಉಳಿದದ್ದು ಯಾವಾಗ ಬರುತ್ತದೆ ಎಂದು ಕೇಳಿದ.

"ಇಷ್ಟ ರಿ."

ಅವನಿಗೆ ಅದು ಚೇಷ್ಟೆ ಅನ್ನಿಸಿತು. ಆಮಂತ್ರಣ ಪತ್ರಿಕೆಯಲ್ಲಿ ಮಹಾಕೃತಿ ಎಂದು ಹಾಕಿಸಿದ್ದೇನೆ, ಮೂರು ಜನ ಸ್ವಾಮಿಗಳು ಬರುತ್ತಾರೆ, ಅವರ ಕೈಯಲ್ಲಿ ಪಂಚಾಂಗದಷ್ಟು ತೆಳ್ಳಗಿನ ಪುಸ್ತಕ ಕೊಡಲೇ ಎಂದ. ಹಾಗೆ ಅನ್ನುತ್ತಲೇ ಗೋಕಾಕಕ್ಕೆ ಫೋನು ಹಚ್ಚಿದ. ಎತ್ತಿದ್ದು ಶೈಲಾ. ಅಪ್ಪ ಮಲಗಿದ್ದಾರೆ, ಕಸ್ತೂರಿ ಹೇಳಿದ್ದೇ ಅವರು ಹೇಳಿದ್ದು ಎಂದು ಇಟ್ಟುಬಿಟ್ಟಳು. ಕಸ್ತೂರಿ ಏನಾಗಿದೆಯೋ ಅದನ್ನು ಮೂರು ಮಾತಿನಲ್ಲಿ ಹೇಳಿದಳು. ಗುರುರಾಜ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನೀ ಎಷ್ಟನೇತ್ತ ಕಲ್ತೀಯವಾ?"

"ಎಂಟನೇತ್ತ ರಿ."

"ಎಂಟನೇತ್ತ ಕಲ್ತಾಕಿಗೆ ತಿಳೀಲಿಲ್ಲಂತ ಮಾಸ್ತರ್ರ ಪುಸ್ತಕಾ ಕಡದ್ರಾ?"

ಗಿರಾಕಿಗಳು ನೋಡುತ್ತಿದ್ದರು. ಆದರೂ ಕಸ್ತೂರಿಯ ಬಾಯಿಂದ ಮಾತು ಹೊರಗೆ ಬಂತು.

"ಅದು ನನ್ನಂತವರ ಸಲುವಾಗಿ ಬರದದ್ರಿ."

ಗುರುರಾಜ ಕುರ್ಚಿಯಲ್ಲಿ ಕೂತು, ಹಾಗಾದರೆ ಓದು, ಎಲ್ಲಿಗೆ ನಿಲ್ಲುತ್ತದೆ ನೋಡೋಣ ಎಂದ. ನಿಂತುಕೊಂಡೇ ಅವಳು ಕೊನೆಯ ಎರಡು ಪುಟ ಓದಿದಳು. ಹೊಲದ ಬದುವಿನ ಮೇಲೆ ಕೂತು ಮಕ್ಕಳು ದುಡಿಯುವುದನ್ನು ನೋಡುವವನ ಬಗ್ಗೆ, ಮನೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಗೋಡೆಯ ಬಿಸಿಲು ಸರಿಯುವುದನ್ನು ನೋಡುವವನ ಬಗ್ಗೆ. ಎಲ್ಲೂ ಎಡವಲಿಲ್ಲ, ಇದು ಕಣ್ಣು ಮುಂದೆ ಓಡಿಸಿ ಓದಿದ್ದಲ್ಲ. ಕೊನೆಯ ಸಾಲು ಬಂತು. 'ಹೊಲಕ್ಕೆ ಹೋಗಲಾರದವನು ಬೆಳಗ್ಗೆ ಎದ್ದು ಏನು ಮಾಡಬೇಕು?'

ಅವಳು ಹಾಳೆ ಇಳಿಸಿದಳು. ಗೊಬ್ಬರದ ಚೀಲದ ಮೇಲೆ ಒಬ್ಬ ಮುದುಕ ಕೂತಿದ್ದ. ಯಾರ ಜೊತೆಗೋ ಬಂದವನು, ಇಷ್ಟು ಹೊತ್ತು ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದ. ಅವನು ಕತ್ತು ಎತ್ತಿದ.

"ಮುಂದ?"

"ಮುಂದ ಇನ್ನಾ ಬರದಿಲ್ರಿ," ಎಂದಳು ಕಸ್ತೂರಿ. "ಅಲ್ಲಿ ತನಕಾ ಬಂದಾರ್ರಿ. ಮುಂದ ಹೋಗಾಕ ಆಗವಲ್ದ್ರಿ."

ಮುದುಕನಿಗೆ ಅದು ಸರಿಯೆನಿಸಲಿಲ್ಲ. ಊಟಕ್ಕೆ ಕೂಡಿಸಿ ಎಲೆ ಕಿತ್ತುಕೊಂಡವರನ್ನು ನೋಡುವಂತೆ ನೋಡಿದ. "ಹಂಗ ಬಿಟ್ರ ಹೆಂಗವಾ? ನಾ ದಡ್ಡಿ ಸತ್ತೆಪ್ಪ. ಬರದ ಮ್ಯಾಲ ಯಾರ ಕಡೆಯಿಂದರ ಹೇಳಿ ಕಳಸ್ರಿ."

ಗುರುರಾಜ ಒಮ್ಮೆ ಸತ್ತೆಪ್ಪನನ್ನು, ಒಮ್ಮೆ ಹಾಳೆಗಳನ್ನು ನೋಡಿದ. ಅವನಿಗೂ ಅರವತ್ತೈದು ದಾಟಿತ್ತು. ಅಂಗಡಿಯ ಬೀಗದ ಕೈ ಈಗ ಮಗನ ಸೊಂಟದಲ್ಲಿ ಇರುತ್ತಿತ್ತು. ಹಾಳೆಗಳನ್ನು ತಾನೇ ಎತ್ತಿಕೊಂಡು ಹೋಗಿ ಸುಜಾತಾಳ ಮುಂದಿಟ್ಟು, ಅಕ್ಷರ ದೊಡ್ಡದು ಮಾಡು, ವಯಸ್ಸಾದವರು ಓದುವಂಥದ್ದು ಎಂದು ಗೊಣಗಿದ. ಆಮೇಲೆ ಮಹಾಕೃತಿ ಎಂದು ಅಚ್ಚಾದ ಪತ್ರಿಕೆಗಳ ಕಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸಿದ.

ಗೋಕಾಕ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮಾಸ್ತರರು ಎಚ್ಚರಿದ್ದರು. ಗುರುರಾಜ ಸಿಟ್ಟಾದನೇ ಎಂದು ಕೇಳಿದರು. ಸಿಟ್ಟಾದರು, ಆಮೇಲೆ ಟೈಪಿಗೆ ಕೊಟ್ಟರು ಎಂದಳು. ಆಮೇಲೆ ಸತ್ತೆಪ್ಪನ ಮಾತು ಹೇಳಿದಳು. ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು. ಅವನು ಕೈ ಮುಗಿದನೇ ಎಂದು ವಿಚಾರಿಸಿದರು. ಇಲ್ಲ, ಸಿಟ್ಟು ಮಾಡಿದ ಎಂದಳು.

ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮಲಗಿದರೇನೋ ಎಂದು ಅವಳು ಎದ್ದು ಚಪ್ಪಲಿಯ ತನಕ ಹೋದಳು. ಹಿಂದಿನಿಂದ ದನಿ ಬಂತು, ಬಹಳ ಸಣ್ಣ ದನಿ.

"ದಡ್ಡಿ ತನಕಾ ಬಾಯಿಲೆ ಹೇಳಿ ಕಳಸ್ಬೇಕಂದ್ರ ಮಾತ ಬಾಳ ಸಣ್ಣದ ಇರಬೇಕವಾ. ಇವತ್ತ ಆಗೂದಿಲ್ಲ. ನಾಳಿ ಬಾ."